ಗೋಡೆ ತಿಂದ ಕೋಳಿ

ಕೆಂಚಿ ಎಂಬ ಕೋಳಿ ಇಟ್ಟ ಮೊಟ್ಟೆಗಳೆಲ್ಲ ಮೆತ್ತನೆಯ ಚಿಪ್ಪಿನವು. ಕಾವಿಗೆ ಕೂತರೆ ಅವಳ ಮೈಭಾರಕ್ಕೇ ಒಡೆಯುತ್ತಿದ್ದವು.

“ಎಲ್ಲ ನಿನ್ನ ಹಣೆಬರಹ” ಎಂದಿತು ಹಿತ್ತಿಲಿನ ಮುದಿ ಬಾತುಕೋಳಿ.

“ಹಣೆಯಲ್ಲಿ ಬರೆದದ್ದನ್ನು ನಾನು ಓದಿಲ್ಲ, ಅಜ್ಜಿ. ಹೊಟ್ಟೆಗೆ ಹಾಕಿದ್ದು ಏನೆಂದು ಬಲ್ಲೆ. ಅದನ್ನು ಬದಲಿಸಿ ನೋಡುತ್ತೇನೆ.”

ನಾಲ್ಕು ದಿನ ಕಾಳಿನ ಜೊತೆ ಗೆದ್ದಲು ತಿಂದಳು. ಮೊಟ್ಟೆ ದೊಡ್ಡದಾಯಿತು, ಆದರೂ ಒಡೆಯಿತು. ಗೆದ್ದಲು ಬಿಟ್ಟು ನಾಲ್ಕು ದಿನ ನುಗ್ಗೆಸೊಪ್ಪು ತಿಂದಳು. ಒಡೆದ ಮೊಟ್ಟೆಯ ಹಳದಿ ಕೆಂಪಗಾಗಿತ್ತು, ಅಷ್ಟೇ.

“ಎಲ್ಲವನ್ನೂ ಒಟ್ಟಿಗೇ ನುಂಗಬಾರದೇ?” ಎಂದಿತು ಬಾತುಕೋಳಿ.

“ಒಟ್ಟಿಗೆ ನುಂಗಿದರೆ ಯಾವುದು ಹಿಡಿಸಿತೆಂದು ಯಾರನ್ನು ಕೇಳಲಿ?”

ಕೊನೆಗೆ ಕೆಂಚಿ ಹಳೇ ಗೋಡೆಯ ಸುಣ್ಣದ ಚಕ್ಕೆಗಳನ್ನು ಕುಕ್ಕತೊಡಗಿದಳು. ಗೋಡೆ ತಿನ್ನುವ ಕೋಳಿಯೆಂದು ಹಿತ್ತಿಲೆಲ್ಲ ನಕ್ಕಿತು. ಅವಳು ತಲೆ ಎತ್ತದೆ ಕುಕ್ಕಿದಳು. ಐದನೆಯ ದಿನ ಇಟ್ಟ ಮೊಟ್ಟೆ ಉರುಳಿ ಕಲ್ಲಿಗೆ ಬಡಿಯಿತು. ಬಿರುಕು ಸಹ ಬಿಡಲಿಲ್ಲ.

ಮರಿಗಳು ಹೊರಬಂದ ದಿನ ಬಾತುಕೋಳಿ ತಾನೇ ನಡೆದು ಬಂತು. “ನನಗೆ ಈಚೆಗೆ ಈಜಿದರೆ ಸುಸ್ತು, ಕೆಂಚಿ. ನಾನೂ ಸುಣ್ಣ ತಿನ್ನಲೇ?”

“ಸುಣ್ಣ ಬೇಕೆಂದದ್ದು ನನ್ನ ಮೈ, ಅಜ್ಜಿ. ನಿಮ್ಮ ಮೈಗೆ ಏನು ಬೇಕೋ, ಒಂದೊಂದನ್ನೇ ನಾಲ್ಕು ದಿನ ತಿಂದು ನೀವೇ ನೋಡಬೇಕು.”

“ಅಷ್ಟು ದಿನ ಯಾರು ಕಾಯುತ್ತಾರೆ?”

“ನಾನು ಕಾದೆ” ಎಂದ ಕೆಂಚಿ ಕತ್ತು ನಿಗುರಿಸಿ, ಒಂಬತ್ತು ಮರಿಗಳನ್ನು ಹಿಂದೆ ಕಟ್ಟಿಕೊಂಡು, ಆ ಗೋಡೆಯ ಪಕ್ಕದಲ್ಲೇ ನಿಧಾನವಾಗಿ ನಡೆದು ಹೋದಳು.