ಹೆಂಚಿನ ವ್ಯಾಪಾರಿಯ ಬಂಪರ್

“ಗುರುಗಳೇ, ಆ ಹೊತ್ತಿನಲ್ಲಿ ನಾನು ಬಾಯಿ ತೆರೆದಿದ್ದರೆ ವ್ರತ ಮುರಿಯುತ್ತಿತ್ತು. ನಾನು ಮುರಿಯಲಿಲ್ಲ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಏಕೆ?” ಎಂದು ಮೌನವ್ರತ ಮುಗಿಸಿದ ಶಿಷ್ಯ ಕೇಳಿದ.

ಅವನ ಹೆಸರು ಶಾಂತವೀರ. ಮಾತು ಮಿತವಾಗಿರಲಿ ಎಂಬುದು ಆ ಆಶ್ರಮದ ನಿಯಮ. ಅವನಿಗೆ ಅಷ್ಟು ಸಾಲದೆನಿಸಿತು. ಮಳೆಗಾಲ ಮುಗಿಯುವವರೆಗೆ ಪೂರ್ಣ ಮೌನವನ್ನು ತಾನಾಗಿಯೇ ಹಿಡಿದ. ಯಾರೂ ಹೇಳಿರಲಿಲ್ಲ, ಗುರುಗಳು ಬೇಡವೆನ್ನಲೂ ಇಲ್ಲ. ಮೌನ ಅವನಿಗೆ ಚೆನ್ನಾಗಿ ಒಪ್ಪಿತು. ಬಂದ ಭಕ್ತರು ಗುರುಗಳಿಗೆ ಕೈ ಮುಗಿದು, ಅವನ ಕಾಲಿಗೆ ಬೀಳತೊಡಗಿದರು.

ಅವಧಿ ಮುಗಿಯಲು ಇನ್ನೇನು ಕೆಲವೇ ದಿನ ಇದ್ದಾಗ ಅದು ನಡೆಯಿತು. ಅಡುಗೆಯ ಗಿರಿಜವ್ವ ಸೊಂಟದ ಮೇಲೆ ಕೊಡವಿಟ್ಟುಕೊಂಡು ಹಿತ್ತಲಿನಿಂದ ಬರುತ್ತಿದ್ದಳು. ನೀರಿನ ಪೈಪು ಹೂಳಲು ತೋಡಿದ್ದ ಗುಂಡಿ ಅವಳ ದಾರಿಗೆ ಅಡ್ಡವಿತ್ತು. ಅದರ ಮೇಲೆ ಹಾಕಿದ್ದ ಹಲಗೆ ಸರಿದುಹೋಗಿತ್ತು. ಜಗಲಿಯಲ್ಲಿ ಕುಳಿತಿದ್ದ ಶಿಷ್ಯನಿಗೆ ಇದು ಕಂಡಿತು. ‘ನಿಲ್ಲು’ ಎಂದರೆ ಸಾಕಿತ್ತು. ಅವನು ಚಪ್ಪಾಳೆ ತಟ್ಟಿದ. ಊಟಕ್ಕೆ ಅವಸರ ಮಾಡುತ್ತಿದ್ದಾನೆಂದು ತಿಳಿದ ಗಿರಿಜವ್ವ ಹೆಜ್ಜೆ ಚುರುಕು ಮಾಡಿದಳು. ಬಿದ್ದು ಸೊಂಟದ ಮೂಳೆ ಮುರಿಯಿತು. ಈಗ ಆಸ್ಪತ್ರೆಯಲ್ಲಿದ್ದಾಳೆ. ಮತ್ತೆ ಒಲೆಯ ಮುಂದೆ ನಿಲ್ಲುವಳೋ ಇಲ್ಲವೋ, ವೈದ್ಯರು ಏನೂ ಹೇಳಿಲ್ಲ.

“ಕುಳಿತುಕೋ. ಒಂದು ಕಾರಿನ ಕತೆ ಹೇಳುತ್ತೇನೆ,” ಎಂದರು ಗುರುಗಳು.

ವ್ರತಕ್ಕೂ ಕಾರಿಗೂ ಎತ್ತಣ ನಂಟು ಎಂಬಂತೆ ಶಿಷ್ಯ ನೋಡಿದ. ಗುರುಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೆಂಚಿನ ವ್ಯಾಪಾರಿ ಇದ್ದ. ಅವನ ಹೆಂಡತಿ ಪಿಟೀಲು ನುಡಿಸುವವಳು. ಮಕ್ಕಳು ಸಣ್ಣವರಿದ್ದಾಗ ಸಂಗೀತ ಕಚೇರಿ ಬಿಟ್ಟಿದ್ದಳು, ಪಿಟೀಲು ಬಿಟ್ಟಿರಲಿಲ್ಲ.

ವ್ಯಾಪಾರಿಗೆ ಹದಿಹರೆಯದಿಂದ ಒಂದೇ ಆಸೆ. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಅವನು ಒಂದು ಸ್ಪೋರ್ಟ್ಸ್ ಕಾರಿನ ಚಿತ್ರ ನೋಡಿದ್ದ. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಿಚಿಡುವ ಕ್ಯಾನ್‌ವಾಸಿನ ಹೊದಿಕೆ. ಕೂದಲು ನರೆಯುವ ಹೊತ್ತಿಗೆ, ಮುಚ್ಚಿಹೋದ ಗಿರಣಿಯೊಂದರ ಷೆಡ್ಡಿನಲ್ಲಿ ಅಂಥದೇ ಕಾರು ಸಿಕ್ಕಿತು. ಅದು ನೆಲಕ್ಕೆ ಎಷ್ಟು ತಗ್ಗಾಗಿತ್ತೆಂದರೆ ಒಳಗೆ ಕುಳಿತವರು ಬೀದಿನಾಯಿಗಳನ್ನು ಕಣ್ಣಿಗೆ ಕಣ್ಣಿಟ್ಟು ನೋಡಬಹುದಿತ್ತು. ವ್ಯಾಪಾರಿಗೆ ಅದೂ ಸಂತೋಷವೇ.

ಕೊರತೆ ಒಂದಿತ್ತು. ಚಿತ್ರದ ಕಾರಿಗೆ ತೆಳ್ಳನೆಯ, ಹೊಳೆಯುವ ಕ್ರೋಮ್ ಬಂಪರ್. ಇವನಿಗೆ ಸಿಕ್ಕಿದ್ದು ಕೆಲವು ವರ್ಷ ಆಮೇಲೆ ತಯಾರಾದದ್ದು. ಪೆಟ್ಟು ತಡೆಯಲೆಂದು ಅದಕ್ಕೆ ಹಿಂದೆ ಮುಂದೆ ದಪ್ಪನೆಯ ಕಪ್ಪು ರಬ್ಬರಿನ ಬಂಪರ್ ಹಾಕಿದ್ದರು. ಮುಖವೇನೋ ಅದೇ, ತುಟಿ ಮಾತ್ರ ಊದಿಕೊಂಡ ಹಾಗೆ.

ರಬ್ಬರು ತನ್ನ ಕೆಲಸ ತಾನು ಮಾಡುತ್ತಿತ್ತು. ಕಾರು ಮನೆಗೆ ಬಂದ ಹೊಸದರಲ್ಲೇ ವ್ಯಾಪಾರಿ ಅದನ್ನು ಗೇಟಿನ ಕಂಬಕ್ಕೆ ತಾಗಿಸಿದ. ಇಳಿದು ನೋಡಿದರೆ ಒಂದಿಷ್ಟು ಸುಣ್ಣದ ಗುರುತು. ಹೆಬ್ಬೆರಳಿನಿಂದ ಉಜ್ಜಿದ, ಹೋಯಿತು. ಆದರೆ ಆ ಕಪ್ಪು ತುಟಿ ಅವನ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಅದನ್ನು ತೆಗೆದು ಚಿತ್ರದಲ್ಲಿದ್ದಂಥ ಬಂಪರನ್ನೇ ಕೂರಿಸುವುದೆಂದು ನಿಶ್ಚಯಿಸಿದ. ಗ್ಯಾರೇಜಿನವರಿಗೆ ಕೊಡಲು ಮನಸ್ಸಾಗಲಿಲ್ಲ. ಮನೆಯಲ್ಲಿಯೇ, ತನ್ನ ಕೈಯಾರೆ ಮಾಡುತ್ತೇನೆಂದ.

ಬೋಲ್ಟುಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಸುರಿದು ಕಾದ. ಕೆಲವು ಬಿಚ್ಚಿಕೊಂಡವು, ಉಳಿದವನ್ನು ಗರಗಸದಿಂದ ಕೊಯ್ದ. ರಬ್ಬರಿನ ಒಳಗೆ ಕಬ್ಬಿಣದ ತೊಲೆಯೇ ಇತ್ತು. ಅದನ್ನು ಎತ್ತುವಾಗ ಬೆನ್ನು ಹಿಡಿದುಕೊಂಡಿತು. ಹೆಂಡತಿ ಎಣ್ಣೆ ತಿಕ್ಕಿದಳು. ಹಿಂದಿನ ಮಾದರಿಯ ಕ್ರೋಮ್ ಬಂಪರುಗಳನ್ನು ಎಲ್ಲಿಂದಲೋ ತರಿಸಿದ. ಅವುಗಳ ತೂತುಗಳು ಕಾರಿನ ತೂತುಗಳಿಗೆ ಹೊಂದಲಿಲ್ಲ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದರಂತೆ ಕಬ್ಬಿಣದ ಪಟ್ಟಿ ಬಾಗಿಸಿ, ಬಂಪರನ್ನು ಹಿಡಿದಿಡುವ ಹೊಸ ತೋಳುಗಳನ್ನು ಮಾಡಿದ. ಕೂರಿಸಿ ನೋಡಿದರೆ ಎಡಗಡೆ ಬೆರಳಿನಷ್ಟು ತಗ್ಗು. ಬಿಚ್ಚಿದ. ಮತ್ತೆ ಕೂರಿಸಿ, ಮಟ್ಟ ನೋಡಲು ಮೇಲೆ ರಸಮಟ್ಟ ಇಟ್ಟ. ಈಗ ಬಂಪರ್ ನೇರವಾಗಿತ್ತು, ಕಾರೇ ಓರೆಯಾಗಿ ಕಂಡಿತು. ಮತ್ತೆ ಬಿಚ್ಚಿದ.

ಬೇಸಿಗೆ ಹೀಗೆ ಕಳೆಯಿತು. ಮನೆಯ ಷೆಡ್ಡಿನಲ್ಲಿ ಅರ ತಿಕ್ಕುವ ಸದ್ದು, ಒಳಕೋಣೆಯಲ್ಲಿ ಪಿಟೀಲು. ಪಕ್ಕದ ಪಟ್ಟಣದ ಸಂಗೀತ ಸಭೆಯವರು ಹೆಂಡತಿಯನ್ನು ಕಚೇರಿಗೆ ಕರೆದಿದ್ದರು. ಇಷ್ಟು ವರ್ಷಗಳ ಮೇಲೆ ಬಂದ ಮೊದಲ ಕರೆ. ಅವಳು ಕಿಟಕಿ ಮುಚ್ಚಿಕೊಂಡು ಅಭ್ಯಾಸ ಮಾಡಿದಳು.

ಕೊನೆಗೂ ಬಂಪರ್ ಕುಳಿತಿತು. ಬಹಳ ಚೆನ್ನಾಗಿಯೇ ಕುಳಿತಿತು, ಸುಳ್ಳು ಹೇಳಬಾರದು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಯಾರು ಮಾಡಿದ್ದೆಂದು ಕೇಳಿದರು. ವ್ಯಾಪಾರಿ ಅದೇ ಪ್ರಶ್ನೆಗೆ ಕಾದಿರುತ್ತಿದ್ದ.

ಅಂದಿನಿಂದ ಅವನು ಕಾರು ಓಡಿಸುವ ರೀತಿಯೇ ಬೇರೆಯಾಯಿತು. ಪೇಟೆಗೆ ಹೋದರೆ ಯಾವ ವಾಹನವೂ ಸುಳಿಯದ ಮೂಲೆ ಹುಡುಕಿ ನಿಲ್ಲಿಸುತ್ತಿದ್ದ. ಇಷ್ಟು ದೂರ ನಡೆಯುವುದಾದರೆ ಮನೆಯಿಂದಲೇ ನಡೆದುಬರಬಹುದಿತ್ತು ಎಂದು ಹೆಂಡತಿ ಗೊಣಗಿದಳು. ಆಯುಧಪೂಜೆಯ ದಿನ ಬಂಪರಿಗೆ ಕುಂಕುಮ ಹಚ್ಚಲು ಬಂದ ಅರ್ಚಕರ ಕೈಯನ್ನು ನಡುವೆಯೇ ಹಿಡಿದುಕೊಂಡ. ಉಂಗುರ ತಾಗಿದರೆ ಗೀರು ಬೀಳುತ್ತದೆ, ಚಕ್ರಕ್ಕೆ ಹಚ್ಚಿ ಎಂದ.

“ಇನ್ನು ಮೇಲೆ ದೇವರು ಬಂದರೂ ಕೈಗವಸು ಹಾಕಿಕೊಂಡೇ ಬರಬೇಕೇನ್ರೀ?” ಎಂದಳು ಹೆಂಡತಿ. ಅರ್ಚಕರು ನಕ್ಕರು. ವ್ಯಾಪಾರಿ ನಗಲಿಲ್ಲ.

ಕಚೇರಿಯ ದಿನ ಬಂತು. ಅವಳು ಬಸ್ಸಿನಲ್ಲಿ ಹೋಗುತ್ತೇನೆಂದಳು. ಅವನು ಕೇಳಲಿಲ್ಲ. ಸಭೆಯ ಬಾಗಿಲಲ್ಲಿ ಆ ಕಾರಿನಿಂದ ಹೆಂಡತಿ ಇಳಿಯಬೇಕು, ಜನ ನೋಡಬೇಕು ಎಂಬುದು ಅವನ ಬಯಕೆ. ಅದರಲ್ಲಿ ಅವಳ ಮೇಲಿನ ಪ್ರೀತಿಯೂ ಇತ್ತು, ಇಲ್ಲವೆನ್ನಲಾಗದು. ಅವಳು ಅವನ ಎಡಕ್ಕೆ ಕುಳಿತಳು. ಪಿಟೀಲಿನ ಪೆಟ್ಟಿಗೆಗೆ ಬೇರೆ ಜಾಗವಿಲ್ಲದೆ ತೊಡೆಯ ಮೇಲಿಟ್ಟುಕೊಂಡಳು. ಹೊದಿಕೆ ಮಡಿಚಿತ್ತು. ಅವಳ ಎಡಗೈ ಬಾಗಿಲಿನ ಅಂಚಿನ ಮೇಲಿತ್ತು. ಮೊದಲು ನುಡಿಸಬೇಕಾದ ರಾಗವನ್ನು ಬೆರಳುಗಳು ಅಲ್ಲಿಯೇ ನುಡಿಸಿಕೊಳ್ಳುತ್ತಿದ್ದವು.

ಪಟ್ಟಣದ ಸಂತೆಬೀದಿ ಇಕ್ಕಟ್ಟಾಗಿತ್ತು. ಕಾರು ನಿಧಾನವಾಗಿ ಹೋಗುತ್ತಿತ್ತು. ಬಲಗಡೆಯ ಸಂದಿಯಿಂದ ಕಲ್ಲಂಗಡಿ ತುಂಬಿದ ತಳ್ಳುಗಾಡಿಯೊಂದು ಬಂದು ಎದುರಿಗೆ ನಿಂತಿತು. ಬ್ರೇಕು ಒತ್ತಿದ್ದರೆ ಕಾರು ಆ ಗಾಡಿಯ ಚಕ್ರಕ್ಕೆ ಮೆಲ್ಲಗೆ ತಾಗಿ ನಿಲ್ಲುತ್ತಿತ್ತು. ಹೆಚ್ಚೆಂದರೆ ಒಂದೆರಡು ಹಣ್ಣು ಉರುಳುತ್ತಿದ್ದವು. ವ್ಯಾಪಾರಿಗೆ ಅದು ಗೊತ್ತಿತ್ತು. ಬಂಪರಿಗೆ ತಾಗುತ್ತದೆಂಬುದೂ ಗೊತ್ತಿತ್ತು.

ಅವನು ಬ್ರೇಕು ಒತ್ತಲಿಲ್ಲ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ. ಗಾಡಿಗೂ ರಸ್ತೆಯ ಬದಿಯ ವಿದ್ಯುತ್ ಕಂಬಕ್ಕೂ ನಡುವೆ ಸ್ವಲ್ಪ ಜಾಗವಿತ್ತು. ಅದರಲ್ಲಿ ಕಾರಿನ ಮೂತಿ ನುಸುಳಿತು. ಬಾಗಿಲು ನುಸುಳಲಿಲ್ಲ. ಕಂಬಕ್ಕೆ ಉಜ್ಜಿಕೊಂಡು ಹೋಗಿ ಕಾರು ನಿಂತಿತು.

ವ್ಯಾಪಾರಿ ಇಳಿದು ಮುಂದಕ್ಕೆ ಓಡಿದ. ಕುಕ್ಕರುಗಾಲಿನಲ್ಲಿ ಕುಳಿತು, ಬಂಪರಿನ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದ. ನಿಟ್ಟುಸಿರು ಬಿಟ್ಟ.

“ಏನೂ ಆಗಿಲ್ಲ,” ಎಂದ.

“ಯಾರಿಗೆ?” ಎಂದಳು ಹೆಂಡತಿ.

ಅವನು ಆಗ ತಿರುಗಿ ನೋಡಿದ. ಅವಳು ಎಡಗೈಯನ್ನು ಪಿಟೀಲಿನ ಪೆಟ್ಟಿಗೆಯ ಮೇಲೆ ಇಟ್ಟುಕೊಂಡು, ಬಲಗೈಯಿಂದ ಆ ಬೆರಳುಗಳಿಗೆ ಸೆರಗು ಸುತ್ತುತ್ತಿದ್ದಳು.

ಆ ಸಂಜೆ ಸಭೆಯಲ್ಲಿ ಬೇರೆ ಯಾರೋ ನುಡಿಸಿದರು. ಕಲ್ಲಂಗಡಿಯವನೇ ಅವಳನ್ನು ಆಟೋ ಹತ್ತಿಸಿ, ಆಸ್ಪತ್ರೆಯವರೆಗೂ ಜೊತೆಗೆ ಹೋದ. ಮೂಳೆಗಳು ಕೂಡಿಕೊಂಡವು. ಕೈಯಲ್ಲಿ ಲೋಟ ಹಿಡಿಯಬಹುದು, ರೊಟ್ಟಿ ತಟ್ಟಬಹುದು. ತಂತಿಯ ಮೇಲೆ ಓಡುತ್ತಿದ್ದ ಬೆರಳುಗಳು ಮಾತ್ರ ಓಡಲಿಲ್ಲ. ಸಭೆಯವರು ಮರುವರ್ಷವೂ ಕರೆದರು. ಅವಳು ಕೇಳಲು ಹೋಗಿ ಬಂದಳು. ಬಾಗಿಲು ರಿಪೇರಿಯಾಯಿತು. ಹಳೆಯ ಕಾರುಗಳ ಪ್ರದರ್ಶನದಲ್ಲಿ ವ್ಯಾಪಾರಿಯ ಕಾರು ನೋಡಿದವರು ಈಗಲೂ ಬಂಪರನ್ನೇ ಮೊದಲು ಹೊಗಳುತ್ತಾರೆ. ಯಾರು ಮಾಡಿದ್ದೆಂದು ಕೇಳುತ್ತಾರೆ. ಅವನು ಏನಾದರೊಂದು ಹೇಳಿ ಸಾಗಹಾಕುತ್ತಾನೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಎಂಥ ಮನುಷ್ಯ ಅವನು, ಗುರುಗಳೇ. ಬಂಪರ್ ಇರುವುದೇ ಪೆಟ್ಟು ತಿನ್ನಲಿಕ್ಕೆ. ತಾನೇ ಕೂರಿಸಿದ್ದು ಎಂಬ ಒಂದು ಮೋಹಕ್ಕೆ, ಪಕ್ಕದಲ್ಲಿ ಕುಳಿತವಳ ಕೈ ಕಣ್ಣಿಗೆ ಬೀಳದೆ ಹೋಯಿತೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ನಿನ್ನ ಮೌನಕ್ಕೂ ಒಂದು ಗೀರು ಬಿದ್ದಿಲ್ಲ.”