ಗೋಡೆಯೊಳಗಿನ ಕೇಬಲ್ಲಿಗೆ ಬಂದ ನಮಸ್ಕಾರ

ಶಿವಯೋಗಪ್ಪನವರ ಪಾತ್ರೆ ಅಂಗಡಿಯ ಹಳೆಯ ಕ್ಯಾಮೆರಾ ಕಳ್ಳನನ್ನೂ ಮನೆ ಅಳಿಯನನ್ನೂ ಒಂದೇ ಥರ ತೋರಿಸುತ್ತಿತ್ತು. ಅದನ್ನು ಇಳಿಸಿ, ಗೋಡೆಯೊಳಗಿಂದ ಅಂಗಡಿಯ ಟಿವಿಯವರೆಗೆ ಹೋಗಿದ್ದ ಹಳೆಯ ಕೇಬಲ್ಲಿಗೇ ಹೊಸ ಎಚ್‌ಡಿ ಕ್ಯಾಮೆರಾ ಜೋಡಿಸಿದರು.

“ನಾನು ಕಳಿಸುವ ಚಿತ್ರದಲ್ಲಿ ರೆಪ್ಪೆಗೂದಲೂ ಕಾಣುತ್ತದೆ. ಹೊರುವುದು ನಿಮ್ಮಿಂದಾಗುತ್ತದೆಯೇ, ಅಜ್ಜಾ?” ಎಂದಿತು ಕ್ಯಾಮೆರಾ.

“ಕಳಿಸು, ನೋಡೋಣ,” ಎಂದಿತು ಕೇಬಲ್.

ಆಯುಧಪೂಜೆಯ ದಿನ ಶಿವಯೋಗಪ್ಪನವರು ಏಣಿ ಹತ್ತಿ ಕ್ಯಾಮೆರಾಕ್ಕೆ ಭಕ್ತಿಯಿಂದ ಕುಂಕುಮ ಹಚ್ಚಿದರು. ಇಳಿದು ನೋಡಿದರೆ ಟಿವಿಯ ತುಂಬ ಬರೀ ಕೆಂಪು.

“ಹಳೇ ಕೇಬಲ್ ಕೈಕೊಟ್ಟಿತು. ಗೋಡೆ ಒಡೆದು, ಕಿತ್ತು ಗುಜರಿಗೆ ಹಾಕ್ತೀನಿ,” ಎಂದು ಸುತ್ತಿಗೆ ಎತ್ತಿಕೊಂಡರು.

ಕೇಬಲ್ ಕ್ಯಾಮೆರಾವನ್ನು ಕರೆಯಿತು. “ಮಗಾ, ನೀನು ಕೊಟ್ಟದ್ದನ್ನೇ ಮುಟ್ಟಿಸುತ್ತಿದ್ದೇನೆ.”

“ಗೊತ್ತು ಅಜ್ಜಾ. ಸಾಕ್ಷಿ ಹೇಳೋಣವೆಂದರೆ ನನಗಿರುವುದು ಒಂದೇ ಕಣ್ಣು, ಅದೂ ಮುಚ್ಚಿದೆ.”

ಅಷ್ಟರಲ್ಲಿ ಹೆಂಡತಿ ಗೌರಮ್ಮ ತಲೆಯೆತ್ತಿ ನೋಡಿದರು. “ಅಲ್ಲಾ ರೀ, ಕುಂಕುಮ ಹಚ್ಚೋದು ಹಣೆಗೆ. ನೀವು ಕಣ್ಣಿಗೇ ಮೆತ್ತಿದ್ದೀರಲ್ಲ!”

“ಅದಕ್ಕೆ ಹಣೆ ಎಲ್ಲಿದೆ, ತೋರಿಸು.”

ಗೌರಮ್ಮ ಏಣಿ ಹತ್ತಿ, ಸೆರಗಿನಿಂದ ಒರೆಸಿದರು. ಟಿವಿ ನಿಚ್ಚಳವಾಯಿತು. ಶಿವಯೋಗಪ್ಪನವರು ಸುತ್ತಿಗೆ ಕೆಳಗಿಟ್ಟು ಕ್ಯಾಮೆರಾಕ್ಕೆ ಕೈಮುಗಿದರು.

“ಇದು ಸಲ್ಲಬೇಕಾದ್ದು ನಿಮಗೆ, ಅಜ್ಜಾ. ನೀವಿಲ್ಲದಿದ್ದರೆ ನಾನು ಕಂಡದ್ದೆಲ್ಲ ನನ್ನಲ್ಲೇ ಉಳಿಯುತ್ತಿತ್ತು,” ಎಂದು ಕ್ಯಾಮೆರಾ ಆ ನಮಸ್ಕಾರವನ್ನು ಕೇಬಲ್ಲಿಗೆ ಒಪ್ಪಿಸಿತು.

ಕೇಬಲ್ಲಿಗೆ ಮನಸ್ಸು ತುಂಬಿ ಬಂತು. ಆದರೆ ಬಂದದ್ದನ್ನು ಇಟ್ಟುಕೊಂಡು ಅದಕ್ಕೆ ಅಭ್ಯಾಸವಿಲ್ಲ. ಒಂದು ಬೆರಳೂ ಮಸುಕಾಗದಂತೆ ನಮಸ್ಕಾರವನ್ನು ಟಿವಿಗೆ ಮುಟ್ಟಿಸಿತು.

ಅಲ್ಲಿ ತಮಗೆ ತಾವೇ ಕೈಮುಗಿಯುತ್ತಿರುವುದನ್ನು ಕಂಡ ಶಿವಯೋಗಪ್ಪನವರು, ಹೊಸ ಕ್ಯಾಮೆರಾ ಸರಿಯಾದ ಮನುಷ್ಯನನ್ನೇ ಗುರುತಿಸಿದೆ ಎಂದು ಸಂತೋಷಪಟ್ಟರು.