ಹೆಗಲು ತಟ್ಟಿದವನು

ಪ್ರಯೋಗಾಲಯದ ಇಲಿಯೊಂದರ ಪಕ್ಕೆಯಲ್ಲಿ ಕ್ಯಾನ್ಸರ್ ಗಂಟೊಂದು ಬೆಳೆಯುತ್ತಿತ್ತು. ಆ ಮೈಯನ್ನು ಕಾಯುವ ಬಿಳಿ ರಕ್ತಕಣ ದಿನವೂ ಕತ್ತಿ ಹಿಡಿದು ಗಸ್ತು ಬರುತ್ತಿತ್ತು. ಅದು ಎದುರಾದೊಡನೆ ಗಂಟು ಕೈ ಚಾಚಿ ಅದರ ಹೆಗಲು ತಟ್ಟುತ್ತಿತ್ತು.

"ಅಣ್ಣಾ, ನಾನು ನಿಮ್ಮವನೇ. ಇದೇ ಮೈಯಲ್ಲಿ ಹುಟ್ಟಿದವನು."

ಹೆಗಲು ತಟ್ಟಿದವರು ಮನೆಯವರು, ಅವರ ಮೇಲೆ ಕೈ ಮಾಡಬಾರದು ಎಂಬುದು ಆ ಮೈಯ ಹಳೆಯ ರೂಢಿ. ರಕ್ತಕಣ "ಹಾಗೋ, ಸರಿ ತಮ್ಮಾ" ಎಂದು ಕತ್ತಿಯನ್ನು ಒರೆಗೆ ಸೇರಿಸಿ ಮುಂದೆ ಹೋಗುತ್ತಿತ್ತು. ರಾಗಿ ಕಾಳಿನಷ್ಟಿದ್ದ ಗಂಟು ಹುಣಸೆ ಬೀಜದಷ್ಟಾಯಿತು.

ವಿಜ್ಞಾನಿಗಳು ಸಭೆ ಸೇರಿದರು. ಗಂಟಿಗೆ ವಿಷ ಹಾಕೋಣ ಎಂದರು ಒಬ್ಬರು. ಕಾವಲುಗಾರನ ಕತ್ತಿ ಮೊಂಡಾಗಿದೆ, ಹೊಸಬರನ್ನು ತರೋಣ ಎಂದರು ಇನ್ನೊಬ್ಬರು. ಮೈಯ ಕಾವಲನ್ನೇ ಇಪ್ಪತ್ತು ವರ್ಷ ಅಭ್ಯಾಸ ಮಾಡಿದ್ದ ಡಾಕ್ಟರ್ ಅಂಬುಜಾಕ್ಷಿ ಅಲ್ಲವೆಂದು ತಲೆಯಾಡಿಸಿದರು.

"ಕತ್ತಿ ಚೂಪಾಗಿಯೇ ಇದೆ. ಹೆಚ್ಚಾಗಿರುವುದು ದಾಕ್ಷಿಣ್ಯ."

ಅವರು ಇಲಿಗೆ ಒಂದು ಮದ್ದು ಚುಚ್ಚಿದರು. ಆ ಮದ್ದು ಗಂಟನ್ನು ಮುಟ್ಟಲೇ ಇಲ್ಲ. ರಕ್ತಕಣದ ಹೆಗಲ ಮೇಲೆ ದಪ್ಪ ಕಂಬಳಿಯಂತೆ ಕೂತುಬಿಟ್ಟಿತು.

ಮರುದಿನ ಗಂಟು ಎಂದಿನಂತೆ ತಟ್ಟಿತು. ರಕ್ತಕಣಕ್ಕೆ ಏನೂ ತಾಗಲಿಲ್ಲ. ಅದು ಮೊದಲ ಬಾರಿಗೆ ಗಂಟನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕತ್ತಿ ಹಿರಿಯಿತು.

"ಅಣ್ಣಾ, ಇದೆಂಥ ಅನ್ಯಾಯ! ನಾನು ನಿಮ್ಮವನಲ್ಲವೇ?" ಎಂದು ಗಂಟು ಕೂಗಿಕೊಂಡಿತು.

"ನಮ್ಮವನೇ," ಎಂದಿತು ರಕ್ತಕಣ. "ಹೊರಗಿನವನಾಗಿದ್ದರೆ ರಾಗಿ ಕಾಳಿನಷ್ಟಿದ್ದಾಗಲೇ ಮುಗಿಸಿಬಿಡುತ್ತಿದ್ದೆ."